ಏರಿಸಿದ ಬೆಲೆ, ನುಂಗಿದ ಮುಂಗಡ

ಸ್ವಂತ ಮನೆ ಅಲ್ಲಾಹನ ದೊಡ್ಡ ಅನುಗ್ರಹಗಳಲ್ಲಿ ಒಂದು. ಮನೆಗಳನ್ನು ಮನುಷ್ಯರ ಪಾಲಿಗೆ ನೆಮ್ಮದಿಯ ತಾಣವಾಗಿ ಮಾಡಿದವನು ತಾನೇ ಎಂದು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತದಲ್ಲಿ ಅವನು ನೆನಪಿಸುತ್ತಾನೆ. ಆದರೆ ಇಂದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಮನೆ ಕೊಳ್ಳಲು ಹೊರಟ ಎಷ್ಟೋ ಕುಟುಂಬಗಳಿಗೆ ಆ ನೆಮ್ಮದಿಯು ಹೊಸ್ತಿಲು ತುಳಿಯುವ ಮುನ್ನವೇ ಕಳೆದುಹೋಗುತ್ತಿದೆ. ಮಾಲೀಕ ಕೇಳಿದ ಬೆಲೆಗಿಂತ ಹೆಚ್ಚಿನ ಬೆಲೆಗೆ ಮಾತು ಕೊಟ್ಟು, ಮುಂಗಡ ಎಣಿಸಿಕೊಟ್ಟು, ಕ್ರಯದ ಕರಾರಿಗೆ ಸಹಿ ಹಾಕಿದ ಮರುದಿನದಿಂದ ಮನೆಮಂದಿಯ ನಿದ್ದೆ ಹಾರಿಹೋಗುತ್ತದೆ. ಬ್ಯಾಂಕಿನ ಮೌಲ್ಯಮಾಪಕ ಬಂದು ಗೋಡೆ ಅಳೆದು, ದಾಖಲೆ ನೋಡಿ ಹೋಗಿದ್ದಾನೆ. ಅವನ ವರದಿಯಲ್ಲಿ ಎಷ್ಟು ಬರೆದಿರುತ್ತದೆ? ಒಪ್ಪಿದ ಬೆಲೆಗಿಂತ ಕಡಿಮೆ ಬರೆದಿದ್ದರೆ ಉಳಿದ ಹಣವನ್ನು ಎಲ್ಲಿಂದ ತರುವುದು? ತರಲಾಗದಿದ್ದರೆ ಕೊಟ್ಟ ಮುಂಗಡ ಮರಳಿ ಬರುವುದೇ?

ಈ ಆತಂಕವನ್ನು ನಾವು ಬ್ಯಾಂಕಿನ ಸಮಸ್ಯೆಯೆಂದು ತಿಳಿದಿದ್ದೇವೆ. ಅದು ತಪ್ಪು ತಿಳುವಳಿಕೆ. ಇದು ನಮ್ಮ ವ್ಯವಹಾರ ನೀತಿಯ ಸಮಸ್ಯೆ. ಮನೆಯ ನಿಜ ಮೌಲ್ಯ ತಿಳಿಯುವ ಮುನ್ನವೇ ಬೆಲೆ ಏರಿಸುವ ನಮ್ಮ ಚಾಳಿಯೂ, ಏರಿಸಿದವನು ಸೋತಾಗ ಅವನ ಮುಂಗಡವನ್ನು ನುಂಗುವ ನಮ್ಮ ರೂಢಿಯೂ ಈ ಭಯವನ್ನು ಹುಟ್ಟಿಸಿವೆ. ಇವೆರಡನ್ನೂ ಇಸ್ಲಾಮಿನ ವ್ಯಾಪಾರ ನೀತಿ ಒಪ್ಪುವುದಿಲ್ಲ ಎಂಬುದನ್ನು ನಾವು ಮುಖಕ್ಕೆ ಮುಖ ಕೊಟ್ಟು ಹೇಳಿಕೊಳ್ಳಲೇಬೇಕಾದ ಕಾಲ ಬಂದಿದೆ.

ಮೊದಲು ಲೆಕ್ಕ ತಿಳಿಯೋಣ. ಒಂದು ಮನೆಗೆ ಮಾಲೀಕ 55 ಲಕ್ಷ ಕೇಳುತ್ತಾನೆ ಎನ್ನೋಣ. ಬೇರೆ ಗಿರಾಕಿ ಇದ್ದಾನೆಂದು ದಲ್ಲಾಳಿ ಹೇಳಿದ ಒಂದೇ ಮಾತಿಗೆ ಹೆದರಿದ ಕುಟುಂಬ 60 ಲಕ್ಷಕ್ಕೆ ಒಪ್ಪುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಮೌಲ್ಯದ ಶೇ. 90, 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಶೇ. 80, ಅದಕ್ಕೂ ಮೇಲಿನ ಸಾಲಕ್ಕೆ ಶೇ. 75 ಗರಿಷ್ಠ ಮಿತಿ. ಹಾಗಾಗಿ 48 ಲಕ್ಷ ಸಾಲ ಸಿಗುತ್ತದೆ, ಕೈಯಿಂದ 12 ಲಕ್ಷ ಹೊಂದಿಸಿದರೆ ಸಾಕು ಎಂದು ಕುಟುಂಬ ಲೆಕ್ಕ ಹಾಕುತ್ತದೆ. ಆದರೆ ಬ್ಯಾಂಕು ಸಾಲ ಕೊಡುವುದು ನಾವು ಒಪ್ಪಿದ ಬೆಲೆಯನ್ನು ನೋಡಿ ಅಲ್ಲ. ಪತ್ರದಲ್ಲಿರುವ ಬೆಲೆ ಮತ್ತು ಮೌಲ್ಯಮಾಪಕನ ವರದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ವರದಿ 50 ಲಕ್ಷವೆಂದು ಬಂದರೆ ಸಾಲ 40 ಲಕ್ಷಕ್ಕೆ ಇಳಿಯುತ್ತದೆ. ಕೈಯಿಂದ ಹೊಂದಿಸಬೇಕಾದದ್ದು 12 ಲಕ್ಷವಲ್ಲ, 20 ಲಕ್ಷ! ಅದರ ಮೇಲೆ 60 ಲಕ್ಷದ ಪತ್ರಕ್ಕೆ ಶೇ. 5ರ ಮುದ್ರಾಂಕ ಶುಲ್ಕ ಮತ್ತು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿರುವ ನೋಂದಣಿ ಶುಲ್ಕ ಸೇರಿ 4 ಲಕ್ಷ 20 ಸಾವಿರ, ಉಪಕರಗಳು ಬೇರೆ. ಒಡವೆ ಅಡವಿಡುವುದು, ತಮ್ಮನ ಅಂಗಡಿಯ ಬಂಡವಾಳಕ್ಕೆ ಕೈಹಾಕುವುದು, ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ಬಿಡಿಸುವುದು, ಎಲ್ಲವೂ ಇಲ್ಲಿಂದಲೇ ಆರಂಭವಾಗುತ್ತದೆ.

ಮೌಲ್ಯಮಾಪಕ ಕಡಿಮೆ ಬರೆಯುವುದು ಹಗೆತನದಿಂದಲ್ಲ. ಅವನಿಗೆ ಕಾಣುವುದು ನಮಗೆ ಕಾಣುವುದಿಲ್ಲ, ಅಷ್ಟೆ. ಶ್ರೀರಂಗಪಟ್ಟಣವನ್ನೇ ನೋಡಿ. ದರಿಯಾ ದೌಲತ್, ಗುಂಬಜ್, ಜಾಮಿಯಾ ಮಸೀದಿಯಂತಹ ಸ್ಮಾರಕಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆಯ 200 ಮೀಟರಿನೊಳಗೆ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಮಹಡಿ ಕಟ್ಟಲಾಗದ, ಕೆಡವಿ ಹೊಸದಾಗಿ ಕಟ್ಟಲಾಗದ ಮನೆಗೆ ಮೌಲ್ಯಮಾಪಕ ಹೇಗೆ ಪೂರ್ತಿ ಬೆಲೆ ಬರೆದಾನು? ಮಸೀದಿಗೆ ಹತ್ತಿರವೆಂಬ ಕಾರಣಕ್ಕೆ ನಾವು ಹೆಚ್ಚು ಕೊಡುವ ಮನೆಯೇ, ಮಸೀದಿಯು ಸಂರಕ್ಷಿತ ಸ್ಮಾರಕವಾಗಿರುವ ಕಾರಣಕ್ಕೆ, ಅವನ ಕಣ್ಣಿಗೆ ಕಡಿಮೆ ಬೆಲೆಯದಾಗಿ ಕಾಣಬಹುದು.

ಉಳಿದ ತಾಲ್ಲೂಕುಗಳ ಕಥೆ ಬೇರೆ ಬಗೆಯದು. ಪಟ್ಟಣದ ಅಂಚಿನ ಗ್ರಾಮ ಪಂಚಾಯಿತಿಗಳಲ್ಲಿ ಭೂಪರಿವರ್ತನೆಯಾಗದ ಹೊಲದಲ್ಲಿ ಕಲ್ಲು ನೆಟ್ಟು ನಿವೇಶನ ಮಾರುವ ರೂಢಿ ರಾಜ್ಯದಲ್ಲೆಲ್ಲ ಇದೆ. ಅಂತಹ ಸ್ವತ್ತಿಗೆ ಸಿಗುವುದು ನಮೂನೆ 11ಬಿ. ನಮೂನೆ 9 ಮತ್ತು 11ಎ ಅಲ್ಲ. ಇದರ ಮೇಲೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೇಲೆ ಈ ಭಾಗದ ಪ್ರತಿಯೊಂದು ನಿವೇಶನಕ್ಕೂ ನಾಳೆಯ ಬೆಲೆ ಹೇಳುವ ದಲ್ಲಾಳಿಗಳಿಗೆ ಕೊರತೆಯಿಲ್ಲ. ಆದರೆ ಮೌಲ್ಯಮಾಪಕ ನಾಳೆಯ ಕನಸನ್ನು ಅಳೆಯುವುದಿಲ್ಲ. ಅದೇ ಬೀದಿಯಲ್ಲಿ ಈಚೆಗೆ ನಿಜವಾಗಿ ಆದ ಮಾರಾಟಗಳನ್ನೂ ಕಟ್ಟಡದ ವಯಸ್ಸನ್ನೂ ದಾಖಲೆಯ ಗಟ್ಟಿತನವನ್ನೂ ನೋಡುತ್ತಾನೆ. ಸರಕಾರ 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಿದ ಮಾರ್ಗಸೂಚಿ ದರವೂ ಅವನ ಮುಂದಿರುತ್ತದೆ.

ಇಲ್ಲೇ ನಮ್ಮ ಮತ್ತೊಂದು ಸುಳ್ಳು ನಮ್ಮ ಕುತ್ತಿಗೆಗೆ ಬರುತ್ತದೆ. ಶುಲ್ಕ ಉಳಿಸಲು, ತೆರಿಗೆ ತಪ್ಪಿಸಲು 60 ಲಕ್ಷದ ಮನೆಯನ್ನು ಪತ್ರದಲ್ಲಿ 40 ಲಕ್ಷವೆಂದು ಬರೆದು ಉಳಿದದ್ದನ್ನು ನಗದಾಗಿ ಕೊಡಬೇಕೆಂದು ಮಾರುವವರು ಕೇಳುತ್ತಾರೆ. ಆಗ ಬೀದಿಯ ದಾಖಲೆಗಳಲ್ಲೆಲ್ಲ ಸುಳ್ಳು ಬೆಲೆಯೇ ಉಳಿಯುತ್ತದೆ. ನಾಳೆ ನಮ್ಮದೇ ಮಗ ಅದೇ ಬೀದಿಯಲ್ಲಿ ಸಾಲಕ್ಕೆ ಹೋದರೆ ಮೌಲ್ಯಮಾಪಕನಿಗೆ ಸಿಗುವುದು ಆ ಸುಳ್ಳು ಬೆಲೆಗಳೇ. ಸ್ಥಿರಾಸ್ತಿ ಮಾರಾಟಕ್ಕಾಗಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ; ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಆದರೆ ದಂಡದ ಭಯಕ್ಕಿಂತ ಮಿಗಿಲಾದದ್ದು ಸತ್ಯವಿಶ್ವಾಸಿಯ ಸಾಕ್ಷಿಪ್ರಜ್ಞೆ. ಸಾಲ ವ್ಯವಹಾರವನ್ನು ನ್ಯಾಯದಿಂದ ಬರೆಯಬೇಕು, ಬರೆಸುವವನು ಅಲ್ಲಾಹನನ್ನು ಭಯಪಟ್ಟು ಏನನ್ನೂ ಕಡಿಮೆ ಮಾಡದೆ ಬರೆಸಬೇಕು ಎಂಬ ಆದೇಶ ಅಲ್‌ಬಕರಾ ಅಧ್ಯಾಯದ 282ನೇ ಸೂಕ್ತದಲ್ಲಿದೆ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವೇ ಲಿಖಿತ ವ್ಯವಹಾರದ ಕುರಿತಾದದ್ದು ಎಂಬುದನ್ನು ನಾವು ಮರೆತಂತಿದೆ.

ಇನ್ನು ಕೆಲವರು ವರದಿಯ ಭಯಕ್ಕೆ ಅಡ್ಡದಾರಿ ಹುಡುಕುತ್ತಾರೆ. ಮೌಲ್ಯಮಾಪಕನ ಕೈ ಬೆಚ್ಚಗೆ ಮಾಡಿ, ಸ್ವಲ್ಪ ಮೇಲೆ ಬರೆಯಿರಿ ಎನ್ನುತ್ತಾರೆ. ಇದು ಲಂಚ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆ. ಅಷ್ಟೇ ಅಲ್ಲ, ಇದು ಶುದ್ಧ ಮೂರ್ಖತನ ಕೂಡ. ವರದಿ ಏರಿದರೆ ಮನೆಯ ಮೌಲ್ಯ ಏರುವುದಿಲ್ಲ, ನಮ್ಮ ಸಾಲ ಏರುತ್ತದೆ. ಹೆಚ್ಚಿಗೆ ಒಪ್ಪಿದ 5 ಲಕ್ಷವನ್ನು ಶೇ. 9ರ ದರದಲ್ಲಿ 20 ವರ್ಷಕ್ಕೆ ಸಾಲವಾಗಿ ತೆಗೆದರೆ ತಿಂಗಳಿಗೆ ಸುಮಾರು 4,500 ರೂಪಾಯಿಯಂತೆ ಒಟ್ಟು ಸುಮಾರು 10 ಲಕ್ಷ 80 ಸಾವಿರ ಕಟ್ಟಬೇಕಾಗುತ್ತದೆ. ಬಡ್ಡಿ ನಿಷಿದ್ಧವೆಂಬುದರಲ್ಲಿ ಯಾವ ಸಂಶಯವೂ ಇಲ್ಲ. ಗೃಹಸಾಲವನ್ನು ಸಮರ್ಥಿಸುವುದು ಈ ಲೇಖನದ ಉದ್ದೇಶವೂ ಅಲ್ಲ. ಅನಿವಾರ್ಯವೆಂದು ಹೇಳಿಕೊಂಡು ಸಾಲಕ್ಕೆ ಹೋದವರನ್ನು ಕೇಳಬೇಕಾದ ಪ್ರಶ್ನೆ ಇಷ್ಟೇ: ಮನೆ ಅನಿವಾರ್ಯವಿರಬಹುದು, ಆದರೆ ಕೇಳಿದ್ದಕ್ಕಿಂತ 5 ಲಕ್ಷ ಹೆಚ್ಚಿಗೆ ಕೊಟ್ಟದ್ದೂ ಅನಿವಾರ್ಯವಾಗಿತ್ತೇ?

ಹೆಚ್ಚಿಗೆ ಕೊಡುವಂತೆ ಮಾಡಿದ್ದು ಭಯ. ಆ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ಹೆಸರು ಕೇಳಿದೊಡನೆ ಮನೆ ಈಗಾಗಲೇ ಮಾರಾಟವಾಗಿದೆ ಎನ್ನುವ ಮಾಲೀಕರನ್ನು ನಮ್ಮಲ್ಲಿ ಯಾರು ಕಂಡಿಲ್ಲ? ಹಾಗಾಗಿ ಮಸೀದಿಯ ಸುತ್ತಲಿನ ನಾಲ್ಕು ಬೀದಿಗಳಲ್ಲೇ ಎಲ್ಲರೂ ಮನೆ ಹುಡುಕುತ್ತಾರೆ. ಮನೆಗಳು ಕಡಿಮೆ, ಬೇಕಾದವರು ಹೆಚ್ಚು. ಆದರೆ ಈ ಇಕ್ಕಟ್ಟನ್ನು ಹಣ ಮಾಡಿಕೊಳ್ಳುತ್ತಿರುವವರು ಯಾರು? ಹೊರಗಿನವರಲ್ಲ. ಮಾರುವವನೂ ನಮ್ಮವನೇ, ದಲ್ಲಾಳಿಯೂ ನಮ್ಮವನೇ, ಜುಮಾ ನಮಾಝಿನಲ್ಲಿ ಒಂದೇ ಸಫ್ಫಿನಲ್ಲಿ ನಿಲ್ಲುವವರೇ. ಹೊರಗಿನ ತಾರತಮ್ಯದ ಬಗ್ಗೆ ವೇದಿಕೆಯಲ್ಲಿ ಗುಡುಗುವ ನಾವು, ಅದೇ ತಾರತಮ್ಯದಿಂದ ನೊಂದು ಬಂದ ಸಹೋದರನಿಗೆ 50 ಲಕ್ಷದ ಮನೆಯನ್ನು 60 ಲಕ್ಷಕ್ಕೆ ಹೊರಿಸುವಾಗ ನಮ್ಮ ಕಂಠ ಏಕೆ ಉಡುಗುತ್ತದೆ?

ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸುವುದನ್ನು ಶರೀಅತ್ ನಜ್ಶ್ ಎಂದು ಕರೆಯುತ್ತದೆ. ಪ್ರವಾದಿ(ಸ) ಅದನ್ನು ನಿಷೇಧಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ವರದಿ ಮಾಡಿವೆ. ಇಲ್ಲದ ಗಿರಾಕಿಯನ್ನು ಇದ್ದಾನೆಂದು ಹೇಳುವ ದಲ್ಲಾಳಿ ಇದನ್ನೇ ಮಾಡುತ್ತಾನೆ. ಮೈಸೂರಿನಿಂದ ಒಬ್ಬರು ಬಂದು ನೋಡಿಕೊಂಡು ಹೋಗಿದ್ದಾರೆ, ನಾಳೆ ಮುಂಗಡ ತರುತ್ತಾರೆ ಎಂಬ ಕಟ್ಟುಕಥೆಗೆ ದೊರೆತ ಶೇ. 2ರ ಕಮಿಷನ್ ಧರ್ಮಸಮ್ಮತ ಗಳಿಕೆಯಲ್ಲ. ಇನ್ನು ನಿಜವಾಗಿಯೂ ಬೇರೊಬ್ಬ ಸಹೋದರನ ಮಾತುಕತೆ ಮುಗಿದು, ಮಾರುವವನೂ ಒಪ್ಪಿರುವಾಗ ನಡುವೆ ನುಗ್ಗಿ ಹೆಚ್ಚು ಕೊಡುತ್ತೇನೆ ಎನ್ನುವುದನ್ನೂ ಹದೀಸ್ ತಡೆದಿದೆ. ಹಾಗಾದರೆ ಹರಾಜು ತಪ್ಪೇ ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಒಬ್ಬ ಬಡ ಅನ್ಸಾರಿಯ ಮನೆಯ ವಸ್ತುಗಳನ್ನು ಪ್ರವಾದಿಯವರೇ(ಸ) ಬಹಿರಂಗವಾಗಿ ಹರಾಜು ಹಾಕಿ, ಒಂದು ದಿರ್ಹಮಿನಿಂದ ಎರಡು ದಿರ್ಹಮಿಗೆ ಮಾರಿಕೊಟ್ಟ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಅಲ್ಲಿ ಕೂಗಿದವರು ಎದುರಿಗಿದ್ದರು, ವಸ್ತುವೂ ಎದುರಿಗಿತ್ತು. ಮೊಬೈಲಿನ ಆ ಕಡೆಯ ಕಾಣದ ಗಿರಾಕಿಗೂ ಆ ಬಹಿರಂಗ ಹರಾಜಿಗೂ ಎಲ್ಲಿಯ ಹೋಲಿಕೆ?

ಇದೇ ವಿಷಯದಲ್ಲಿ ಸಹಾಬಿಗಳು ಹೇಗೆ ನಡೆದುಕೊಂಡರೆಂದು ನೋಡಿ. ಅಬೂ ರಾಫಿಅ್(ರ) ತಮ್ಮ ಎರಡು ಕೋಣೆಗಳನ್ನು ನೆರೆಯವರಾದ ಸಅದ್ ಬಿನ್ ಅಬೀ ವಕ್ಕಾಸ್(ರ) ಅವರಿಗೆ 4 ಸಾವಿರ ದಿರ್ಹಮಿಗೆ, ಅದೂ ಕಂತುಗಳಲ್ಲಿ ಮಾರಿದರು. ಬೇರೆಡೆ ಅವರಿಗೆ 500 ದೀನಾರುಗಳ ಬೆಲೆ ಬಂದಿತ್ತು. ಅದು 4 ಸಾವಿರ ದಿರ್ಹಮಿಗಿಂತ ಹೆಚ್ಚು. ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿಯವರಿಂದ(ಸ) ಕೇಳಿದ್ದೊಂದೇ ತಮ್ಮನ್ನು ತಡೆಯಿತೆಂದು ಅವರು ಹೇಳಿದರು. ಬುಖಾರಿಯಲ್ಲಿರುವ ಈ ಘಟನೆಯಲ್ಲಿ ಮಾರುವವನೇ ಹೆಚ್ಚಿನ ಬೆಲೆಯನ್ನು ಬಿಟ್ಟುಕೊಟ್ಟಿದ್ದಾನೆ. ಇನ್ನೊಂದು ಕಡೆ ಜರೀರ್ ಬಿನ್ ಅಬ್ದುಲ್ಲಾಹ್(ರ) ಅವರ ಪರವಾಗಿ 300 ದಿರ್ಹಮಿಗೆ ಒಂದು ಕುದುರೆಯನ್ನು ಕೊಂಡಾಗ, ಅದು ಅದಕ್ಕಿಂತ ಹೆಚ್ಚು ಬಾಳುತ್ತದೆಂದು ಕಂಡ ಅವರು ತಾವಾಗಿಯೇ ಏರಿಸುತ್ತಾ 800 ದಿರ್ಹಮ್ ಕೊಟ್ಟರೆಂದು ವರದಿಯಾಗಿದೆ. ಕೇಳಿದ್ದಕ್ಕಿಂತ ಹೆಚ್ಚು ಕೊಡುವುದೇ ದೋಷವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಜರೀರ್(ರ) ಹೆಚ್ಚು ಕೊಟ್ಟದ್ದು ವಸ್ತುವಿನ ನಿಜ ಮೌಲ್ಯ ಬಲ್ಲವರಾಗಿ, ಮಾರುವವನಿಗೆ ನ್ಯಾಯ ಸಲ್ಲಿಸಲು. ನಾವು ಹೆಚ್ಚು ಕೊಡುವುದು ಮೌಲ್ಯ ತಿಳಿಯದೆ, ಮತ್ತೊಬ್ಬ ಸಹೋದರನನ್ನು ಸೋಲಿಸಲು.

ಹನಫೀ ಫಿಕ್ಹಿನ ಆಧಾರದ ಮೇಲೆ ಉಸ್ಮಾನೀ ಆಡಳಿತ 19ನೇ ಶತಮಾನದಲ್ಲಿ ರೂಪಿಸಿದ ಮಜಲ್ಲಾ ಸಂಹಿತೆಯ 165ನೇ ಕಲಮು ಸ್ಥಿರಾಸ್ತಿಯಲ್ಲಿ ಐದನೇ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಘೋರ ನಷ್ಟ, ಅಂದರೆ ಗಬ್ನೆ ಫಾಹಿಶ್ ಎಂದು ಗುರುತಿಸುತ್ತದೆ. 50 ಲಕ್ಷ ಬಾಳುವ ಮನೆಗೆ 60 ಲಕ್ಷ ಕೊಟ್ಟರೆ ವ್ಯತ್ಯಾಸ ಸರಿಯಾಗಿ ಐದನೇ ಒಂದು. ಈ ನಷ್ಟ ವಂಚನೆಯಿಂದ ಆಗಿದ್ದರೆ ಕೊಂಡವನಿಗೆ ವ್ಯವಹಾರ ರದ್ದುಪಡಿಸುವ ಹಕ್ಕನ್ನೂ ಅದು ಕೊಡುತ್ತದೆ. ಮೌಲ್ಯಮಾಪಕನ ವರದಿ ನಮ್ಮ ಪಾಲಿಗೆ ಇಂತಹದೊಂದು ಸಾಕ್ಷಿ. ಅವನನ್ನು ಶಪಿಸುವ ಬದಲು ಅವನು ತಡವಾಗಿ ಬಂದನೆಂದು ಮರುಗಬೇಕು. ಅವನನ್ನು ಮಾತುಕತೆಗೆ ಮುನ್ನವೇ ಕರೆಯಬೇಕಾಗಿತ್ತು.

ಈಗ ಮುಂಗಡದ ಮಾತಿಗೆ ಬರೋಣ. ಅತ್ಯಂತ ಕಹಿಯಾದ ಭಾಗ ಇದೇ. ವರದಿ ಕಡಿಮೆ ಬಂತು, ಸಾಲ ಸಾಲಲಿಲ್ಲ, ಕರಾರಿನ ಅವಧಿ ಮುಗಿಯಿತು. ಕೊಳ್ಳುವವನು ಕೈಮುಗಿದು ಬಯಾನಾ ಹಿಂದಿರುಗಿಸಿ ಎನ್ನುತ್ತಾನೆ. ಮಾರುವವನು ಕರಾರಿನ ಕೊನೆಯ ಸಾಲು ತೋರಿಸುತ್ತಾನೆ. 3 ಲಕ್ಷವೋ 5 ಲಕ್ಷವೋ ಅಲ್ಲಿಗೆ ಮುಗಿಯಿತು. ತಿಂಗಳೊಳಗೆ ಅದೇ ಮನೆಯನ್ನು ಮತ್ತೊಬ್ಬನಿಗೆ ಮಾರಿ, ಮೊದಲಿನವನ ಹಣದಿಂದ ಉಮ್ರಾ ಯಾತ್ರೆಗೆ ಹೊರಡಲು ಸಂಕೋಚವಿಲ್ಲದವರೂ ನಮ್ಮಲ್ಲಿರಬಹುದು. ಕಾನೂನು ಒಪ್ಪುತ್ತದಲ್ಲ ಎಂಬುದು ಇವರ ವಾದ. 1872ರ ಕರಾರು ಕಾಯ್ದೆಯ 74ನೇ ಕಲಮು ಸಹ ಸಮಂಜಸ ಪರಿಹಾರದ ಬಗ್ಗೆ ಮಾತನಾಡುತ್ತದೆಯೇ ಹೊರತು ಮನಬಂದಂತೆ ನುಂಗುವ ಬಗ್ಗೆ ಅಲ್ಲ. ಕರಾರಿನಲ್ಲಿ ಸ್ಪಷ್ಟವಾಗಿ ಬರೆದ ಬಯಾನಾವನ್ನು ಮುಟ್ಟುಗೋಲು ಹಾಕಿಕೊಳ್ಳಲು ನ್ಯಾಯಾಲಯಗಳು ಅವಕಾಶ ನೀಡಿವೆ, ನಿಜ. ಆದರೆ ನ್ಯಾಯಾಲಯ ಅವಕಾಶ ನೀಡಿದ್ದೆಲ್ಲವೂ ಅಲ್ಲಾಹನ ಮುಂದೆ ಸಮರ್ಥನೆಯಾಗದು. ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ಕಬಳಿಸಬೇಡಿ ಎಂಬ ಅನ್ನಿಸಾ ಅಧ್ಯಾಯದ 29ನೇ ಸೂಕ್ತದ ಆಜ್ಞೆಗೆ ಛಾಪಾ ಕಾಗದ ಉತ್ತರವಲ್ಲ.

ವಿದ್ವಾಂಸರಲ್ಲಿ ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಮುಂಗಡ ಮುಟ್ಟುಗೋಲಿನ ಮಾರಾಟವನ್ನು ಅರಬಿಯಲ್ಲಿ ಉರ್ಬೂನ್ ಎನ್ನುತ್ತಾರೆ. ಇಮಾಮ್ ಮಾಲಿಕರ ಮುವತ್ತಾದಲ್ಲಿ ಅದರ ನಿಷೇಧದ ವರದಿಯಿದೆ; ಹನಫೀ, ಮಾಲಿಕೀ, ಶಾಫಿಈ ವಿದ್ವಾಂಸರ ಬಹುಮತ ಅದನ್ನು ಒಪ್ಪುವುದಿಲ್ಲ. ಇಮಾಮ್ ಅಹ್ಮದ್ ಒಪ್ಪಿದ್ದಾರೆ. 1993ರಲ್ಲಿ ಬ್ರೂನೈಯಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಕೂಡ ಅವಧಿ ನಿಗದಿಯಾಗಿದ್ದರೆ ಸಮ್ಮತವೆಂದಿದೆ. ಆದರೆ ಒಪ್ಪಿದವರು ಯಾವ ಘಟನೆಯನ್ನು ಆಧಾರವಾಗಿ ತೋರಿಸುತ್ತಾರೆಂದು ಗಮನಿಸಿ. ಖಲೀಫಾ ಉಮರ್(ರ) ಅವರಿಗಾಗಿ ನಾಫಿಅ್ ಬಿನ್ ಅಬ್ದುಲ್ ಹಾರಿಸ್(ರ) ಮಕ್ಕಾದಲ್ಲಿ ಸೆರೆಮನೆಗೆಂದು ಸಫ್ವಾನ್ ಬಿನ್ ಉಮಯ್ಯಾ(ರ) ಅವರಿಂದ ಒಂದು ಮನೆಯನ್ನು ಕೊಂಡರು. ಉಮರ್(ರ) ಒಪ್ಪಿದರೆ ವ್ಯವಹಾರ ನಿಲ್ಲುತ್ತದೆ, ಒಪ್ಪದಿದ್ದರೆ ಸಫ್ವಾನರಿಗೆ 400 ಸಲ್ಲುತ್ತದೆ ಎಂದು ಮೊದಲೇ ನಿಗದಿಯಾಗಿತ್ತು. ಅಂದರೆ ಮೂರನೆಯವರ ಒಪ್ಪಿಗೆ ಸಿಗದೆ ಹೋಗಬಹುದೆಂಬ ಸಾಧ್ಯತೆ ಕರಾರಿನಲ್ಲೇ ಇತ್ತು. ಆಗ ಎಷ್ಟು ಹೋಗುತ್ತದೆಂಬುದೂ ಇಬ್ಬರಿಗೂ ತಿಳಿದಿತ್ತು. ನಮ್ಮ ಕರಾರುಗಳಲ್ಲಿ ಇದರ ಸುಳಿವಾದರೂ ಇದೆಯೇ? ಸಾಲಕ್ಕೆ ಕಾಯುತ್ತಿರುವ ಕುಟುಂಬವೆಂದು ಮಾರುವವನಿಗೆ ಚೆನ್ನಾಗಿ ಗೊತ್ತು. ಆದರೂ ಬ್ಯಾಂಕಿನ ವರದಿಯ ಬಗ್ಗೆ ಕರಾರಿನಲ್ಲಿ ಒಂದು ಅಕ್ಷರವಿರುವುದಿಲ್ಲ.

ಮಾರುವವನಿಗೂ ನಷ್ಟವಿದೆಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೂರು ತಿಂಗಳು ಮನೆ ಕಟ್ಟಿಹಾಕಿದಂತಾಗಿದೆ, ಬೇರೆ ಗಿರಾಕಿ ಹೋಗಿದ್ದಾನೆ. ಅದಕ್ಕೆ ಉತ್ತರವೂ ಸಫ್ವಾನರ ಕರಾರಿನಲ್ಲೇ ಇದೆ: ನಿಜವಾದ ನಷ್ಟಕ್ಕೆ ಸಮನಾದ ಒಂದು ಸಣ್ಣ ಮೊತ್ತವನ್ನು ಮೊದಲೇ ಬರೆಯಿರಿ, ಉಳಿದದ್ದನ್ನು ಹಿಂದಿರುಗಿಸಿ. ಈ ವಿಷಯದಲ್ಲಿ ಹೆಚ್ಚು ಎಚ್ಚರ ಬಯಸುವವರು ಪೂರ್ತಿ ಹಿಂದಿರುಗಿಸಲಿ. ಕೊಂಡು ಪಶ್ಚಾತ್ತಾಪಪಟ್ಟವನ ವ್ಯವಹಾರವನ್ನು ಬಿಟ್ಟುಕೊಟ್ಟವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಶುಭವಾರ್ತೆ ಅಬೂದಾವೂದ್ ಮತ್ತು ಇಬ್ನುಮಾಜಾದಲ್ಲಿದೆ. ಆ ಕ್ಷಮೆಗೆ 5 ಲಕ್ಷ ದುಬಾರಿಯೇ?

ಆದುದರಿಂದ ನಾಲ್ಕೂ ತಾಲ್ಲೂಕುಗಳ ಜಮಾಅತ್ ಸಮಿತಿಗಳ ಮುಂದೆ ಒಂದು ಬೇಡಿಕೆ. ಮನೆ ಮಾರಾಟದ ಮಾತುಕತೆಗಳು ಮಸೀದಿಯ ಅಂಗಳದಲ್ಲಿ ನಡೆಯುತ್ತವೆ, ನಮ್ಮ ಹಿರಿಯರೇ ಸಾಕ್ಷಿ ಹಾಕುತ್ತಾರೆ. ಸಾಕ್ಷಿ ಹಾಕುವ ಮುನ್ನ ಅವರು ಮೂರು ಮಾತು ಕೇಳಲಿ. ಸ್ವತಂತ್ರ ಮೌಲ್ಯಮಾಪನ ಆಗಿದೆಯೇ? ಋಣಭಾರ ಪತ್ರ, ಇ-ಖಾತೆ ಅಥವಾ ನಮೂನೆ 9 ಮತ್ತು 11ಎ, ಸ್ಮಾರಕದ ನಿಷೇಧಿತ ವಲಯದ ವಿವರ ಇವೆಲ್ಲ ಕೊಳ್ಳುವವನ ಕೈ ಸೇರಿವೆಯೇ? ಬ್ಯಾಂಕಿನ ಮೌಲ್ಯಮಾಪನ ಒಪ್ಪಿದ ಬೆಲೆಗಿಂತ ಕಡಿಮೆ ಬಂದರೆ ಬೆಲೆ ಮರುಪರಿಶೀಲನೆ ಅಥವಾ ಮುಂಗಡದ ವಾಪಸಾತಿ ಎಂಬ ಷರತ್ತು ಕರಾರಿನಲ್ಲಿದೆಯೇ? ಇವಿಲ್ಲದ ಕರಾರಿಗೆ ನಮ್ಮ ಸಾಕ್ಷಿ ಇಲ್ಲ ಎಂದು ಒಂದು ಜಮಾಅತ್ ಹೇಳಿದರೂ ಸಾಕು, ಉಳಿದವು ಹಿಂದೆ ಬರುತ್ತವೆ. ಇಂತಹ ಷರತ್ತು ಹಾಕಿದರೆ ಮಾಲೀಕ ಬೇರೆಯವನಿಗೆ ಮಾರುತ್ತಾನೆಂದು ಹೆದರುವ ಕುಟುಂಬಗಳಿಗೆ ಹೇಳಬೇಕಾದದ್ದು ಇಷ್ಟೇ: ತನ್ನ ಮನೆಯ ನಿಜ ಮೌಲ್ಯ ತಿಳಿಯುವುದಕ್ಕೆ ಹೆದರುವ ಮಾಲೀಕನಿಂದ ಮನೆ ತಪ್ಪಿಹೋದರೆ ಅದು ನಷ್ಟವಲ್ಲ, ರಕ್ಷಣೆ.

ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ ಎಲ್ಲವನ್ನೂ ಸ್ಪಷ್ಟಪಡಿಸಿದರೆ ಅವರ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಮರೆಮಾಚಿ ಸುಳ್ಳು ಹೇಳಿದರೆ ಆ ಬರಕತ್ ಅಳಿಸಿಹೋಗುತ್ತದೆ ಎಂದು ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ ಪ್ರವಾದಿವಚನ ತಿಳಿಸುತ್ತದೆ. ಬರಕತ್ ಅಳಿಸಿಹೋದ ಮನೆಯಲ್ಲಿ ಎಷ್ಟು ಕೋಣೆಗಳಿದ್ದರೇನು, ಮಸೀದಿಗೆ ಎಷ್ಟು ಹತ್ತಿರವಿದ್ದರೇನು? ನಮ್ಮ ಮನೆಗಳು ನೆಮ್ಮದಿಯ ತಾಣಗಳಾಗಬೇಕಾದರೆ ಅವುಗಳ ಮೊದಲ ಇಟ್ಟಿಗೆ ಸತ್ಯದ್ದಾಗಿರಬೇಕು. ಸತ್ಯವಾದ ಬೆಲೆಯನ್ನು ಹೇಳುವ, ಸತ್ಯವಾದ ಬೆಲೆಯನ್ನು ಬರೆಯುವ, ಸಹೋದರನ ಕಷ್ಟವನ್ನು ಲಾಭವಾಗಿಸಿಕೊಳ್ಳದ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.